ಎಸ್-6ರೊಳಗಿನ 1455: ಸಿಮೆಟ್ರಿಕ್ ಗುಂಪುಗಳ ಉಪಗುಂಪುಗಳನ್ನು ಎಣಿಸುವ ಬಗೆ

(ಧಾರವಾಡದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಕಾಲೇಜು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದೆ.)

4 ವಸ್ತುಗಳ ಎಲ್ಲ ಅದಲುಬದಲುಗಳ ಗುಂಪಾದ ಎಸ್-4ಕ್ಕೆ ಎಷ್ಟು ಉಪಗುಂಪುಗಳು (ಅದರೊಳಗೆ ತಾವೇ ಗುಂಪಾಗಿ ನಿಲ್ಲುವ ತುಂಡುಗಳು) ಎಂದರೆ 30 ಎಂಬ ಉತ್ತರ ತಟ್ಟನೆ ಬರುತ್ತದೆ. ಪರೀಕ್ಷೆಗೆ ಬರುವ ಪ್ರಶ್ನೆ ಅದು. ಎಸ್-5ಕ್ಕೆ 156 ಎನ್ನುವವರು ಕಡಿಮೆ. ಎಸ್-6ಕ್ಕೆ 1455 ಎಂದು ಕೈಯಲ್ಲೇ ಬಿಡಿಸಿ ತೋರಿಸುವವರು ಇನ್ನೂ ಕಡಿಮೆ. ಇವತ್ತು ಕಂಪ್ಯೂಟರ್ ಮುಟ್ಟದೆ, ಒಂದು ಬೋರ್ಡು ಮತ್ತು ಸೀಮೆಸುಣ್ಣದಲ್ಲಿ ಆ 1455ರವರೆಗೆ ಹೋಗೋಣ. ದೊಡ್ಡ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದು ಆ ದಾರಿಯಲ್ಲೇ ಕಾಣುತ್ತದೆ.

ಎನ್ ವಸ್ತುಗಳ ಎಲ್ಲ ಅದಲುಬದಲುಗಳೂ ಸೇರಿದರೆ ಎಸ್-ಎನ್ ಎಂಬ ಸಿಮೆಟ್ರಿಕ್ ಗುಂಪು. ಎನ್ 1ರಿಂದ 10ರವರೆಗೆ ಅದರ ಉಪಗುಂಪುಗಳ ಸಂಖ್ಯೆ ಹೀಗೆ ಏರುತ್ತದೆ: 1, 2, 6, 30, 156, 1455, 11300, 151221, 1694723, 29594446. ಇದನ್ನು ಬರೆದ ಕೂಡಲೇ ಏಳುವ ಪ್ರಶ್ನೆ ಒಂದೇ: "ಸರ್, ಇದಕ್ಕೊಂದು ಸೂತ್ರ ಇಲ್ಲೇನ್ರಿ?"

ಸೂತ್ರವಿರುವ ಗುಂಪುಗಳು ಉಂಟು. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯದ ವಿಮಾನದ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದೇ ಕೇಂದ್ರದ ಸುತ್ತ 6 ಚೌಕಗಳನ್ನು 15 ಡಿಗ್ರಿಗೊಂದರಂತೆ ತಿರುಗಿಸಿಟ್ಟರೆ ಆ 24 ಮೂಲೆಗಳು ಸಿಗುತ್ತವೆ. ಬಾಗಿಲು, ಮಂಟಪ ಬಿಟ್ಟು ನಕ್ಷತ್ರವನ್ನಷ್ಟೇ ನೋಡಿದರೆ ಅದನ್ನು ತನ್ನ ಮೇಲೇ ಕೂರಿಸುವ ಚಲನೆಗಳು 48: 24 ತಿರುವು, 24 ಪ್ರತಿಫಲನ. ಈ ಡೈಹೆಡ್ರಲ್ ಗುಂಪಿನ ಉಪಗುಂಪುಗಳನ್ನು ಎಣಿಸಲು 24ರ ಭಾಜಕಗಳು ಸಾಕು. ಬರೀ ತಿರುವುಗಳಿರುವ ಉಪಗುಂಪು ಭಾಜಕಕ್ಕೊಂದು, ಅಂದರೆ 8. ಪ್ರತಿಫಲನವೂ ಇರುವ ಉಪಗುಂಪುಗಳಲ್ಲಿ, ಒಳಗಿನ ತಿರುವುಗಳು ಡಿ ಆಗಿದ್ದರೆ 24/ಡಿ ಬಗೆ. ಎಲ್ಲ ಭಾಜಕಗಳಿಗೆ ಕೂಡಿದರೆ 60. ಒಟ್ಟು 68. ಎಸ್-ಎನ್‌ಗೆ ಇಂಥ ಸೂತ್ರ ಇಲ್ಲ. ಯಾಕೆಂದರೆ ಎನ್ ಅನ್ನು ಎಷ್ಟು ಬಗೆಯಲ್ಲಿ ಒಡೆಯಬಹುದೋ ಅಷ್ಟೂ ಬಗೆ, ಒಡೆದ ತುಂಡುಗಳನ್ನು ಎಷ್ಟು ಬಗೆಯಲ್ಲಿ ಒಂದಕ್ಕೊಂದು ಬೆಸೆಯಬಹುದೋ ಅಷ್ಟೂ ಬಗೆ ಆ ಒಂದು ಸಂಖ್ಯೆಯಲ್ಲಿ ಕೂಡಿಕೊಂಡಿರುತ್ತದೆ. ಸೂತ್ರವಿಲ್ಲದಿದ್ದರೂ ವಿಧಾನವಿದೆ.

ಮೊದಲು ಏನನ್ನು ಎಣಿಸುತ್ತಿದ್ದೇವೆ ಎಂಬುದು ಗಟ್ಟಿಯಾಗಬೇಕು. ಇಲ್ಲಿ ಮೂರು ಬೇರೆ ಬೇರೆ ಲೆಕ್ಕಗಳಿವೆ, ಮೂರನ್ನೂ ಕಲಸಿಬಿಡುವುದು ಸಾಮಾನ್ಯ. ಪ್ರತಿಯೊಂದು ಉಪಗುಂಪನ್ನೂ ಬೇರೆಯೆಂದು ಎಣಿಸಿದರೆ ಎಸ್-4ಕ್ಕೆ 30, ಎಸ್-5ಕ್ಕೆ 156, ಎಸ್-6ಕ್ಕೆ 1455. ಬಿಂದುಗಳ ಹೆಸರು ಬದಲಿಸಿದರೆ ಒಂದರಿಂದ ಇನ್ನೊಂದು ಬರುವಂಥವನ್ನು, ಅಂದರೆ ಕಾಂಜುಗೇಟ್ ಆದವನ್ನು, ಒಂದೇ ವರ್ಗ ಎಂದು ಹಿಡಿದರೆ 11, 19, 56. ಒಳರಚನೆ ಒಂದೇ ಇದ್ದರೆ, ಅಂದರೆ ಐಸೋಮಾರ್ಫಿಕ್ ಆಗಿದ್ದರೆ ಒಂದೇ ಎಂದು ಹಿಡಿದರೆ 9, 16, 29. ಎರಡನೆಯದರಿಂದ ಮೊದಲನೆಯದಕ್ಕೆ ಬರುವ ದಾರಿ ಸರಳ: ಒಂದು ವರ್ಗದಲ್ಲಿರುವ ಉಪಗುಂಪುಗಳ ಸಂಖ್ಯೆ ಎಂದರೆ ಎನ್ ಫ್ಯಾಕ್ಟೋರಿಯಲ್ ಅನ್ನು ನಾರ್ಮಲೈಜರಿನ (ಬಿಂದುಗಳ ಹೆಸರು ಬದಲಿಸಿಯೂ ಆ ಉಪಗುಂಪನ್ನು ಹಾಗೆಯೇ ಉಳಿಸುವ ಅದಲುಬದಲುಗಳ ಗುಂಪಿನ) ಗಾತ್ರದಿಂದ ಭಾಗಿಸಿದ್ದು. ಎಸ್-5ರಲ್ಲಿ 5 ಅಂಶಗಳ ಚಕ್ರೀಯ (ಒಂದೇ ಅಂಶ ಹುಟ್ಟಿಸುವ) ಉಪಗುಂಪಿನ ನಾರ್ಮಲೈಜರಿಗೆ 20 ಅಂಶಗಳು, ಆದ್ದರಿಂದ ಅಂಥ ಉಪಗುಂಪುಗಳು 120/20, ಅಂದರೆ 6. ಬೇರೆ ದಾರಿಯಿಂದ ತಾಳೆ ನೋಡಿ: 5 ಉದ್ದದ ಚಕ್ರಗಳು 24, ಒಂದು ಉಪಗುಂಪಿನಲ್ಲಿ 4, ಮತ್ತೆ 6.

ಎಸ್-4ನ್ನು ಎಲ್ಲರೂ ಅಂಶಗಳ ಸಂಖ್ಯೆಯ ಪ್ರಕಾರ ಎಣಿಸುತ್ತಾರೆ. 1 ಅಂಶದ್ದು 1. 2 ಅಂಶದವು 9: ಒಂದೇ ಜೋಡಿಯನ್ನು ಬದಲಿಸುವ 6, ಎರಡು ಜೋಡಿಗಳನ್ನು ಒಟ್ಟಿಗೆ ಬದಲಿಸುವ 3. 3 ಅಂಶದವು 4. 4 ಅಂಶದವು 7: ಚಕ್ರೀಯ 3, ನಾರ್ಮಲ್ ಆದ (ಬಿಂದುಗಳ ಹೆಸರು ಹೇಗೆ ಬದಲಿಸಿದರೂ ತಾನೇ ಉಳಿಯುವ) ಕ್ಲೈನ್ ಗುಂಪು (ಚಕ್ರೀಯವಲ್ಲದ 4 ಅಂಶದ್ದು) 1, ನಾರ್ಮಲ್ ಅಲ್ಲದ ಕ್ಲೈನ್ ಗುಂಪುಗಳು 3. ಈ ಕೊನೆಯ ಮೂರು ಬಿಟ್ಟುಹೋದಾಗ ಉತ್ತರ 27 ಆಗುತ್ತದೆ. 6 ಅಂಶದವು 4, 8 ಅಂಶದವು 3, 12 ಮತ್ತು 24 ಅಂಶದವು ಒಂದೊಂದು. ಒಟ್ಟು 30.

ಈ ದಾರಿ ಎಸ್-5ರಲ್ಲಿ ಏದುಸಿರು ಬಿಡುತ್ತದೆ, ಎಸ್-6ರಲ್ಲಿ ನಿಂತೇಹೋಗುತ್ತದೆ. ಅಂಶಗಳ ಸಂಖ್ಯೆಗೆ ಬಿಂದುಗಳ ಪರಿವೆ ಇಲ್ಲ. ಆದ್ದರಿಂದ ಕಕ್ಷೆಗಳ ಪ್ರಕಾರ ಎಣಿಸಬೇಕು. ಒಂದು ಉಪಗುಂಪು ಒಂದು ಬಿಂದುವನ್ನು ಎಲ್ಲೆಲ್ಲಿಗೆ ಒಯ್ಯಬಲ್ಲದೋ ಆ ಬಿಂದುಗಳೆಲ್ಲ ಸೇರಿ ಒಂದು ಕಕ್ಷೆ. ಎಲ್ಲ ಬಿಂದುಗಳೂ ಒಂದೇ ಕಕ್ಷೆಯಲ್ಲಿದ್ದರೆ ಆ ಉಪಗುಂಪು ಟ್ರಾನ್ಸಿಟಿವ್. ಪ್ರತಿ ಉಪಗುಂಪಿಗೂ ಒಂದೇ ಒಂದು ಕಕ್ಷಾ ವಿಂಗಡಣೆ ಇರುವುದರಿಂದ ಯಾವುದನ್ನೂ ಎರಡು ಸಲ ಎಣಿಸುವ ಭಯವಿಲ್ಲ.

ಎಸ್-4: ಕಕ್ಷೆ 4 ಆಗಿದ್ದರೆ ಟ್ರಾನ್ಸಿಟಿವ್ ಉಪಗುಂಪುಗಳು 9 (ಚಕ್ರೀಯ 3, ಕ್ಲೈನ್ 1, ಡೈಹೆಡ್ರಲ್ 3, ಸರಿಸಂಖ್ಯೆಯ ಜೋಡಿ ಬದಲಾವಣೆಗಳಿಂದ ಆಗುವ ಎ-4, ಎಸ್-4). 3+1 ಆಗಿದ್ದರೆ, ಬಿಟ್ಟುಹೋಗುವ ಬಿಂದುವಿಗೆ 4 ಆಯ್ಕೆ, ಮೂರರ ಮೇಲೆ ಎ-3 ಇಲ್ಲವೇ ಎಸ್-3, ಒಟ್ಟು 8. 2+2 ಆಗಿದ್ದರೆ ವಿಂಗಡಣೆ 3, ಪ್ರತಿಯೊಂದರಲ್ಲೂ 2 ಬಗೆ, ಒಟ್ಟು 6. 2+1+1 ಆಗಿದ್ದರೆ 6. ಎಲ್ಲ ಬಿಂದುಗಳೂ ಕದಲದಿದ್ದರೆ 1. 9+8+6+6+1=30.

2+2ರಲ್ಲಿ ಆ 2 ಬಗೆ ಎಲ್ಲಿಂದ ಬಂತು ಎಂಬಲ್ಲೇ ಇಡೀ ವಿಷಯದ ಜೀವ ಇದೆ. ಒಂದು ಬಗೆಯಲ್ಲಿ (1 2) ಮತ್ತು (3 4) ಸ್ವತಂತ್ರವಾಗಿ ನಡೆಯುತ್ತವೆ, 4 ಅಂಶಗಳು. ಇನ್ನೊಂದರಲ್ಲಿ ಎರಡೂ ಒಟ್ಟಿಗೇ ನಡೆಯಬೇಕು: ಇತ್ತ ಬದಲಾದರೆ ಅತ್ತಲೂ ಬದಲಾಗಲೇಬೇಕು, 2 ಅಂಶಗಳು. ಕಕ್ಷೆಗಳು ಬೇರೆಯಾದರೂ ಚಲನೆಗಳು ಬೆಸೆದಿವೆ. ಇದನ್ನು ಲೆಕ್ಕಕ್ಕೆ ತಂದವರು ಫ್ರಾನ್ಸಿನ ಎಡ್ವರ್ ಗೂರ್ಸಾ, 1889ರಲ್ಲಿ. ಅವರ ಪ್ರಮೇಯ ಹೇಳುವುದು ಇಷ್ಟು: ಎರಡು ಗುಂಪುಗಳ ನೇರ ಗುಣಲಬ್ಧದ ಒಂದು ಉಪಗುಂಪನ್ನು ಕೊಡಬೇಕಾದರೆ, ಮೊದಲ ಗುಂಪಿನಿಂದ ಒಂದು ಉಪಗುಂಪು ಮತ್ತು ಅದರಲ್ಲಿ ನಾರ್ಮಲ್ ಆದ ಇನ್ನೊಂದು, ಎರಡನೆಯದರಿಂದಲೂ ಹಾಗೆಯೇ ಒಂದು ಜೋಡಿ, ಮತ್ತು ಎರಡೂ ಕಡೆಯ ಕ್ವೋಶಂಟ್ ಗುಂಪುಗಳ (ಉಪಗುಂಪನ್ನು ಅದರೊಳಗಿನ ನಾರ್ಮಲ್ ಉಪಗುಂಪಿನಿಂದ ಭಾಗಿಸಿದಾಗ ಸಿಗುವವು) ನಡುವೆ ಒಂದು ಐಸೋಮಾರ್ಫಿಸಂ (ರಚನೆ ಕಾಪಾಡುವ ಒಂದಕ್ಕೊಂದು ಹೊಂದಾಣಿಕೆ) ಕೊಟ್ಟರೆ ಸಾಕು.

ಎಸ್-3 ಮತ್ತು ಎಸ್-2ರ ಗುಣಲಬ್ಧದಲ್ಲಿ ಇದನ್ನು ಮಾಡಿ ನೋಡೋಣ. ಬೆಸುಗೆ ಇಲ್ಲದವು 6×2=12. 2 ಅಂಶಗಳ ಕ್ವೋಶಂಟ್ ಎಸ್-3ರ ಕಡೆ 4 ರೀತಿ ಸಿಗುತ್ತದೆ (2 ಅಂಶದ ಮೂರು ಉಪಗುಂಪುಗಳಿಂದ ಮೂರು, ಎಸ್-3ನ್ನು ಎ-3ರಿಂದ ಭಾಗಿಸಿದರೆ ಒಂದು), ಎಸ್-2ರ ಕಡೆ 1 ರೀತಿ. ಒಟ್ಟು 12+4=16. ಎಸ್-3ನ್ನು ಎಸ್-3ರೊಡನೆಯೇ ಗುಣಿಸಿದರೆ: ಬೆಸುಗೆ ಇಲ್ಲದವು 36, 2ರ ಬೆಸುಗೆ 4×4=16, 3ರ ಬೆಸುಗೆ 2, ಎಸ್-3ರ ಪೂರ್ಣ ಬೆಸುಗೆ 6, ಒಟ್ಟು 60. ಕೊನೆಯ ಎರಡು ಸಂಖ್ಯೆಗಳ ಮೇಲೆ ಬೆರಳಿಡಿ. 3 ಅಂಶದ ಚಕ್ರೀಯ ಗುಂಪಿಗೆ ತನ್ನೊಡನೆ 2 ಐಸೋಮಾರ್ಫಿಸಂ, ಎಸ್-3ಕ್ಕೆ 6. ಇವನ್ನು ಮರೆತು ಒಂದೊಂದೇ ಎಂದು ಹಿಡಿದರೆ 54 ಬರುತ್ತದೆ. ಈ ಲೆಕ್ಕದಲ್ಲಿ ಅತಿ ಹೆಚ್ಚು ಸಲ ಆಗುವ ತಪ್ಪು ಇದೇ.

ಈಗ ಎಸ್-5. ಕಕ್ಷೆ 5: ಚಕ್ರೀಯ 6, ಡೈಹೆಡ್ರಲ್ 6, 20 ಅಂಶದವು 6, ಎ-5, ಎಸ್-5, ಒಟ್ಟು 20. 4+1: 5×9=45. 3+2: ವಿಂಗಡಣೆ 10, ಪ್ರತಿಯೊಂದರಲ್ಲೂ 3 ಬಗೆ, 30. 3+1+1: 10×2=20. 2+2+1: 15×2=30. 2+1+1+1: 10. ಕದಲದ್ದು 1. ಕೂಡಿದರೆ 156. 3+2ರ ಮೂರು ಬಗೆಯಲ್ಲಿ ಒಂದು ಬೆಸುಗೆಯದು: (1 2 3) ಮತ್ತು (1 2)(4 5) ಹುಟ್ಟಿಸುವ ಗುಂಪು. ಒಳಗೆ ಅದು ಎಸ್-3ರಂತೆಯೇ ಇದೆ, ಆದರೆ ಐದೂ ಬಿಂದುಗಳನ್ನು ಕದಲಿಸುತ್ತದೆ. "ಎಸ್-3 ಆಗಲೇ ಬಂತಲ್ಲ" ಎಂದು ಇದನ್ನು ಬಿಟ್ಟವರಿಗೆ 146 ಬರುತ್ತದೆ.

ಎಸ್-6ರಲ್ಲಿ ಸಾಲುಗಳು, ಅಂದರೆ 6ನ್ನು ಕಕ್ಷೆಗಳಾಗಿ ಒಡೆಯುವ ಬಗೆಗಳು, 11. ಹಿಂದಿನ ಲೆಕ್ಕದಿಂದ ನೇರವಾಗಿ ಬರುವವನ್ನು ಮೊದಲು ಬರೆದಿಡಿ. 5+1: 6×20=120. 4+1+1: 15×9=135. 3+2+1: 60×3=180. 3+1+1+1: 20×2=40. 2+2+1+1: 45×2=90. 2+1+1+1+1: 15. ಕದಲದ್ದು 1. ಹೊಸದಾಗಿ ಯೋಚಿಸಬೇಕಾದ ಸಾಲುಗಳು ನಾಲ್ಕೇ: 4+2, 3+3, 2+2+2, ಮತ್ತು 6.

4+2ರಲ್ಲಿ, ನಾಲ್ಕು ಬಿಂದುಗಳ ಮೇಲಿನ ಪ್ರತಿ ಟ್ರಾನ್ಸಿಟಿವ್ ಗುಂಪಿಗೂ, ಅದರ ಸೂಚ್ಯಂಕ 2ರ (ಅರ್ಧ ಗಾತ್ರದ) ಉಪಗುಂಪುಗಳು ಎಷ್ಟೋ ಅಷ್ಟು ಬೆಸುಗೆ, ಜೊತೆಗೆ ಬೆಸುಗೆ ಇಲ್ಲದ್ದು ಒಂದು. ಚಕ್ರೀಯಕ್ಕೆ 2, ಕ್ಲೈನ್‌ಗೆ 4, ಡೈಹೆಡ್ರಲ್‌ಗೆ 4, ಎ-4ಕ್ಕೆ 1, ಎಸ್-4ಕ್ಕೆ 2. ಎ-4ರಲ್ಲಿ 6 ಅಂಶದ ಉಪಗುಂಪು ಇಲ್ಲ ಎಂದು ತರಗತಿಯಲ್ಲಿ ಸಾಧಿಸುತ್ತೇವಲ್ಲ, ಅದು ಕೆಲಸಕ್ಕೆ ಬರುವುದು ಇಲ್ಲಿ. ವರ್ಗದ ಗಾತ್ರಗಳಿಂದ ಗುಣಿಸಿ ಕೂಡಿದರೆ 6+4+12+1+2=25. ವಿಂಗಡಣೆಗಳು 15, ಒಟ್ಟು 375.

3+3ರಲ್ಲಿ ಎ-3 ಎರಡೂ ಕಡೆ ಇದ್ದರೆ 1+2=3. ಒಂದು ಕಡೆ ಎ-3, ಇನ್ನೊಂದು ಕಡೆ ಎಸ್-3 ಇದ್ದರೆ ಎರಡಕ್ಕೂ ಸಾಮಾನ್ಯವಾದ ಕ್ವೋಶಂಟ್ ಇಲ್ಲ, ಬೆಸುಗೆ ಆಗುವುದಿಲ್ಲ. ಎರಡು ದಿಕ್ಕಿಗೆ 2. ಎರಡೂ ಎಸ್-3 ಆದರೆ 1+1+6=8. ಒಟ್ಟು 13. ಆರು ಬಿಂದುಗಳನ್ನು ಮೂರು ಮೂರಾಗಿ ಒಡೆಯುವ ಬಗೆ 10 (20 ಎಂದು ಬರೆದು ಎಡವುವುದು ಇಲ್ಲೇ, ಎರಡು ತುಂಡುಗಳಿಗೆ ಹೆಸರಿಲ್ಲ). ಆದ್ದರಿಂದ 130.

2+2+2ರಲ್ಲಿ ಮೂರು ಸ್ವತಂತ್ರ ಅದಲುಬದಲುಗಳು, 8 ಅಂಶಗಳ ಗುಂಪು. ಮೂರೂ ಕಕ್ಷೆಗಳನ್ನು ಕದಲಿಸುವ ಉಪಗುಂಪುಗಳು ಬೇಕು. ಇಡೀ ಗುಂಪು 1. ಮೂರನ್ನೂ ಒಟ್ಟಿಗೆ ಬೆಸೆದದ್ದು 1. 4 ಅಂಶದ 7 ಉಪಗುಂಪುಗಳಲ್ಲಿ ಒಂದು ಕಕ್ಷೆಯನ್ನು ಕದಲಿಸದ 3 ಬಿಟ್ಟರೆ 4. ಆ ನಾಲ್ಕರಲ್ಲಿ ಮೂರು, ಎರಡು ಕಕ್ಷೆಗಳನ್ನು ಬೆಸೆದು ಮೂರನೆಯದನ್ನು ಬಿಡಿಯಾಗಿ ಇಟ್ಟವು. ನಾಲ್ಕನೆಯದು ವಿಶೇಷ: ಪ್ರತಿ ಸಲ ಸರಿಸಂಖ್ಯೆಯ ಕಕ್ಷೆಗಳು ಬದಲಾಗುತ್ತವೆ. ಇಲ್ಲಿ ಯಾವುದೇ ಎರಡು ಕಕ್ಷೆಗಳನ್ನು ನೋಡಿದರೂ ಅವು ಪೂರ್ತಿ ಸ್ವತಂತ್ರ, ಆದರೆ ಎರಡು ಗೊತ್ತಾದರೆ ಮೂರನೆಯದು ತೀರ್ಮಾನವಾದಂತೆ. ಎರಡೆರಡೇ ಕಕ್ಷೆಗಳ ನಡುವೆ ಬೆಸುಗೆ ಹುಡುಕುವವರಿಗೆ ಇದು ಎಂದೂ ಸಿಗುವುದಿಲ್ಲ. ಮೂರು ಕಕ್ಷೆಗಳಿದ್ದಾಗ ಮೊದಲ ಎರಡನ್ನು ಬೆಸೆದು ಬಂದ ಗುಂಪನ್ನು ಇಡಿಯಾಗಿ ತೆಗೆದುಕೊಂಡು ಮೂರನೆಯದರೊಡನೆ ಗೂರ್ಸಾ ಪ್ರಮೇಯ ಹಚ್ಚಬೇಕು. ಒಟ್ಟು 6 ಬಗೆ, ವಿಂಗಡಣೆ 15, ಆದ್ದರಿಂದ 90.

ಇಲ್ಲಿಯವರೆಗೆ ಕೂಡಿದರೆ 1176. ಉಳಿದದ್ದು ಒಂದೇ ಕಕ್ಷೆಯ ಸಾಲು. ಆರು ಬಿಂದುಗಳ ಮೇಲೆ ಟ್ರಾನ್ಸಿಟಿವ್ ವರ್ಗಗಳು 16. ಅಂಶಗಳ ಸಂಖ್ಯೆಯೊಡನೆ ಅವುಗಳ ಗಾತ್ರ: 6 ಅಂಶದ ಚಕ್ರೀಯ 60, 6 ಅಂಶದ ಎಸ್-3 20, 12 ಅಂಶದ ಡೈಹೆಡ್ರಲ್ 60, 12 ಅಂಶದ ಎ-4 15, 18 ಅಂಶದ್ದು 20, 24 ಅಂಶದ ಮೂರು ವರ್ಗಗಳು ತಲಾ 15, 36 ಅಂಶದ ಎರಡು ತಲಾ 10, 48 ಅಂಶದ್ದು 15, 72 ಅಂಶದ್ದು 10, 60 ಅಂಶದ ಎ-5 6, 120 ಅಂಶದ ಎಸ್-5 6, ಕೊನೆಗೆ ಎ-6 ಮತ್ತು ಎಸ್-6. ಕೂಡಿದರೆ 279. 1176+279=1455.

ಆರು ಬಿಂದುಗಳ ಮೇಲೆ ಟ್ರಾನ್ಸಿಟಿವ್ ಆದ ಎಸ್-5! ಒಂದು ಬಿಂದುವನ್ನು ಸ್ಥಿರವಾಗಿಡುವ ಸಾಮಾನ್ಯ ಎಸ್-5ಗಳು 6, ಎಲ್ಲವನ್ನೂ ಕದಲಿಸುವ ಈ ಎಸ್-5ಗಳು ಮತ್ತೆ 6. ಒಳರಚನೆ ಒಂದೇ, ಆದರೂ ಕಾಂಜುಗೇಟ್ ಅಲ್ಲ. ಎಸ್-6ಕ್ಕೆ ಮಾತ್ರ ಹೊರಗಿನ ಆಟೋಮಾರ್ಫಿಸಂ (ಬಿಂದುಗಳ ಹೆಸರು ಬದಲಿಸುವುದರಿಂದ ಬಾರದ, ತನ್ನೊಡನೆಯೇ ಇರುವ ಐಸೋಮಾರ್ಫಿಸಂ) ಇರುವುದರ ಗುರುತು ಇದು. ಬೇರೆ ಯಾವ ಎಸ್-ಎನ್‌ಗೂ ಅದಿಲ್ಲ. ಗಣಿತದಲ್ಲಿ ಇದಕ್ಕಿಂತ ಚೆಲುವಾದ ಅಪವಾದ ಸಿಗುವುದು ಕಷ್ಟ. ಎಣಿಸುವವರು ಮಾತ್ರ ಎಚ್ಚರದಿಂದಿರಬೇಕು: ಐಸೋಮಾರ್ಫಿಕ್ ಎಂದು ಒಂದು ಸಾಲು ಅಳಿಸಿದರೆ 12 ಉಪಗುಂಪುಗಳು ಹೋಗುತ್ತವೆ, ಎ-5 ಮತ್ತು ಎಸ್-5 ಎರಡೂ ಸೇರಿ.

ಬಂದ ಲೆಕ್ಕವನ್ನು ತಾಳೆ ನೋಡಲು ಫ್ರೊಬೇನಿಯಸ್ ಕೊಟ್ಟ ಒರೆಗಲ್ಲು ಇದೆ. ಪಿ ಎಂಬ ಅವಿಭಾಜ್ಯದ ಯಾವುದೇ ಘಾತ ಗುಂಪಿನ ಗಾತ್ರವನ್ನು ಭಾಗಿಸಿದರೆ, ಅಷ್ಟು ಅಂಶಗಳ ಉಪಗುಂಪುಗಳ ಸಂಖ್ಯೆಯನ್ನು ಪಿಯಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು. ಸೈಲೋ ಪ್ರಮೇಯದಂತೆ ಅತಿ ದೊಡ್ಡ ಘಾತಕ್ಕೆ ಮಾತ್ರವಲ್ಲ, ಎಲ್ಲ ಘಾತಗಳಿಗೂ. ಎಸ್-4ರಲ್ಲಿ 2, 4, 8 ಅಂಶದವು 9, 7, 3, ಎಲ್ಲವೂ ಬೆಸ. ಎಸ್-5ರಲ್ಲಿ 25, 35, 15, ಎಲ್ಲವೂ ಬೆಸ. 3 ಅಂಶದವು 10, 5 ಅಂಶದವು 6. ನಾರ್ಮಲ್ ಅಲ್ಲದ ಕ್ಲೈನ್ ಗುಂಪುಗಳನ್ನು ಬಿಟ್ಟವರಿಗೆ ಎಸ್-4ರಲ್ಲಿ 4 ಅಂಶದವು 4 ಆಗುತ್ತವೆ, ಸರಿಸಂಖ್ಯೆ; ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 6, 12ರಂಥ ಗಾತ್ರಗಳಿಗೆ ಈ ಒರೆಗಲ್ಲು ನಡೆಯದು, ಅದಕ್ಕೇ 146 ಬಂದವರ ತಪ್ಪು ಇದರಿಂದ ಹೊರಬೀಳುವುದಿಲ್ಲ. ಅಲ್ಲಿ ಕಕ್ಷೆಯ ಲೆಕ್ಕವೇ ಗತಿ.

ಈಗ ಗಾತ್ರದ ಮಾತು. ಟ್ರಾನ್ಸಿಟಿವ್ ಉಪಗುಂಪುಗಳು ಎಸ್-4ರಲ್ಲಿ 30ಕ್ಕೆ 9, ಎಸ್-5ರಲ್ಲಿ 156ಕ್ಕೆ 20, ಎಸ್-6ರಲ್ಲಿ 1455ಕ್ಕೆ 279, ಎಸ್-7ರಲ್ಲಿ 11300ಕ್ಕೆ 512. ವರ್ಗಗಳ ಲೆಕ್ಕದಲ್ಲಿ ಎಸ್-12ರ 10723ರಲ್ಲಿ ಟ್ರಾನ್ಸಿಟಿವ್ 301, ಎಸ್-18ರ 7274651ರಲ್ಲಿ 983. ಪಠ್ಯಪುಸ್ತಕಗಳು ಮುತುವರ್ಜಿಯಿಂದ ಕಲಿಸುವ ಗುಂಪುಗಳು ಮೊತ್ತದಲ್ಲಿ ಚಿಟಿಕೆಯಷ್ಟು. ಉಳಿದದ್ದೆಲ್ಲ ಸಣ್ಣ ಕಕ್ಷೆಗಳ ಜೋಡಣೆ ಮತ್ತು ಬೆಸುಗೆ. ಅದರಲ್ಲೂ ಎನ್ ದೊಡ್ಡದಾದಂತೆ ಬಹಳ ಫಲ ಕೊಡುವುದು 2+2+2 ಮಾದರಿ. ಎನ್/2 ಜೋಡಿಗಳನ್ನು ತೆಗೆದುಕೊಂಡರೆ ಅವುಗಳ ಅದಲುಬದಲುಗಳು ಎರಡೇ ಅಂಕಿಗಳ ಕ್ಷೇತ್ರದ ಮೇಲೆ ಎನ್/2 ಆಯಾಮದ ಸದಿಶ ಅವಕಾಶ; ಅದರ ಪ್ರತಿ ಉಪ ಅವಕಾಶವೂ ಒಂದು ಉಪಗುಂಪು. 1, 2, 3 ಎಂದು ಆಯಾಮ ಏರಿದಂತೆ ಅವುಗಳ ಸಂಖ್ಯೆ 2, 5, 16, 67, 374, 2825, 29212, 417199, 8283458. ಅರ್ಧ ಆಯಾಮದ ಉಪ ಅವಕಾಶಗಳೇ ಸುಮಾರು 2ರ ಘಾತ (ಎನ್ ವರ್ಗ/16) ಆಗುತ್ತವೆ (ಇಲ್ಲಿ ಎನ್ ವರ್ಗ ಎಂದರೆ ಎನ್×ಎನ್). 1993ರಲ್ಲಿ ಹಂಗೇರಿಯ ಲಾಸ್ಲೋ ಪೈಬರ್ ಈ ಕೆಳಮಿತಿಯ ಜೊತೆಗೆ ಒಂದು ಮೇಲ್ಮಿತಿಯನ್ನೂ ಸಾಧಿಸಿದರು: 24ರ ಘಾತ (ಎನ್ ವರ್ಗ/6). ಎರಡನ್ನೂ 2ರ ಘಾತವಾಗಿ ಬರೆದರೆ ಎನ್ ವರ್ಗದ ಮುಂದಿನ ಅಂಕಿ ಒಂದು ಕಡೆ 0.0625, ಇನ್ನೊಂದು ಕಡೆ 0.764. ಕೆಳಮಿತಿಯೇ ನಿಜ ಎಂದು ಪೈಬರ್ ಊಹಿಸಿದ್ದರು. ಕೊಲ್ವಾ ರೋನಿ-ಡೂಗಲ್ ಮತ್ತು ಗ್ಯಾರೆತ್ ಟ್ರೇಸಿ 2025ರಲ್ಲಿ ಹೊರತಂದ ಪ್ರಬಂಧದಲ್ಲಿ ಅದನ್ನು ಸಾಧಿಸಿದ್ದಾರೆ.

ಈ ಅಂದಾಜನ್ನು ಸಣ್ಣ ಎನ್‌ಗೆ ಹಚ್ಚಿ ನಿರಾಶರಾಗಬೇಡಿ. ಎಸ್-18ಕ್ಕೆ ಎನ್ ವರ್ಗ/16 ಎಂದರೆ 20.25, ನಿಜ ಸಂಖ್ಯೆ 2ರ ಘಾತ 62.7ರಷ್ಟು. ಒಂದೊಂದು ವರ್ಗದಲ್ಲೂ ಎನ್ ಫ್ಯಾಕ್ಟೋರಿಯಲ್‌ವರೆಗೆ ಉಪಗುಂಪುಗಳಿರಬಹುದು, 18 ಫ್ಯಾಕ್ಟೋರಿಯಲ್ ಒಂದೇ 2ರ ಘಾತ 52.5. ಎನ್ ಬಹಳ ದೊಡ್ಡದಾದಾಗ ಮಾತ್ರ ಎನ್ ವರ್ಗ ಅದನ್ನು ಹಿಂದೆ ಹಾಕುತ್ತದೆ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಗ್ಯಾಪ್ ಎಂಬ ಉಚಿತ ತಂತ್ರಾಂಶ ಸಾಕು. ಉಪಗುಂಪುಗಳ ಕಾಂಜುಗಸಿ ಕ್ಲಾಸುಗಳನ್ನು ಕೊಡುವ ಆಜ್ಞೆ ಅದರಲ್ಲಿದೆ. ಬಂದ ಪಟ್ಟಿಯ ಉದ್ದ ವರ್ಗಗಳ ಸಂಖ್ಯೆ, ಪ್ರತಿ ವರ್ಗದ ಗಾತ್ರವನ್ನು ಕೂಡಿದರೆ ಉಪಗುಂಪುಗಳ ಸಂಖ್ಯೆ. ಪಟ್ಟಿಯ ಉದ್ದ ನೋಡಿ ಎಸ್-5ಕ್ಕೆ 19 ಉಪಗುಂಪು ಎಂದು ಬರೆಯಬೇಡಿ. ಸ್ವಂತ ಪ್ರೋಗ್ರಾಂ ಬರೆಯುವವರು ಸಾಮಾನ್ಯವಾಗಿ ಚಕ್ರೀಯ ವಿಸ್ತರಣೆಯ ವಿಧಾನ ಹಿಡಿಯುತ್ತಾರೆ: ಒಂದು ಉಪಗುಂಪು, ಅದನ್ನು ನಾರ್ಮಲೈಜ್ ಮಾಡುವ ಒಂದು ಹೊಸ ಅಂಶ, ಆ ಅಂಶದ ಅವಿಭಾಜ್ಯ ಘಾತ ಉಪಗುಂಪಿನೊಳಗೇ ಇರಬೇಕು, ಸೇರಿಸಿ ಮುಂದೆ ಹೋಗಿ. ಒಂದೇ ಅಂಶದ ಗುಂಪಿನಿಂದ ಹೊರಟರೆ ಇದು ಸಾಲ್ವಬಲ್ (ಹೀಗೆ ಅವಿಭಾಜ್ಯ ಹೆಜ್ಜೆಗಳಲ್ಲಿ ಕಟ್ಟಬಹುದಾದ) ಉಪಗುಂಪುಗಳನ್ನಷ್ಟೇ ಮುಟ್ಟುತ್ತದೆ. ಎಸ್-5ಕ್ಕೆ 154 ಬಂದರೆ ಎ-5ನ್ನು ಬೀಜವಾಗಿ ಹಾಕಿಲ್ಲ ಎಂದರ್ಥ. ಎ-5 ಇಲ್ಲದೆ ಎಸ್-5 ಕೂಡ ಬಾರದು. ಎಸ್-6ಕ್ಕೆ ಅದೇ ತಪ್ಪಿನಿಂದ 1429 ಬರುತ್ತದೆ, 26 ಕಡಿಮೆ.

ಎಸ್-18ರವರೆಗಿನ ಲೆಕ್ಕವನ್ನು ವಾರ್ವಿಕ್ ವಿಶ್ವವಿದ್ಯಾಲಯದ ಡೆರೆಕ್ ಹೋಲ್ಟ್ 2010ರಲ್ಲಿ ಪ್ರಕಟಿಸಿದರು: 7598016157515302757. ಇಂಥ ಸಂಖ್ಯೆಗಳನ್ನು ಎಕ್ಸೆಲ್‌ನಲ್ಲಿ ಕೂಡಿಸಬೇಡಿ. ಅದು 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಎಸ್-15ರ 117053117995400 ಸರಿಯಾಗಿ ಬರುತ್ತದೆ, ಎಸ್-16ರ 5320744503742316ರ ಕೊನೆಯ 6 ಸೊನ್ನೆಯಾಗುತ್ತದೆ. ಸಂಖ್ಯೆ ಎಷ್ಟು ಉದ್ದವಾದರೂ ಪೂರ್ಣಾಂಕವಾಗಿಯೇ ಹಿಡಿಯುವ ಪೈಥಾನ್ ಅಥವಾ ಗ್ಯಾಪ್ ಬಳಸಿ.

ಮನೆಗೆಲಸ ಎಸ್-7. ಸಾಲುಗಳು 15. ಒಂದೇ ಕಕ್ಷೆಯ ಸಾಲನ್ನು ಕೊಟ್ಟಿರುತ್ತೇನೆ: 7, 14, 21, 42 ಅಂಶದವು ತಲಾ 120, 168 ಅಂಶದವು 30, ಎ-7, ಎಸ್-7, ಒಟ್ಟು 512. 6+1ಕ್ಕೆ 7×279=1953. ಅತಿ ದೊಡ್ಡ ಸಾಲು 4+2+1, ಅದು 105×25=2625. ಕೈ ನಡುಗುವುದು 4+3ರಲ್ಲಿ. ಎ-4ನ್ನು ಕ್ಲೈನ್ ಗುಂಪಿನಿಂದ ಭಾಗಿಸಿದರೆ 3 ಅಂಶದ ಗುಂಪು ಸಿಗುತ್ತದೆ, ಎ-3ರೊಡನೆ 2 ಬೆಸುಗೆ. ಎಸ್-4ನ್ನು ಅದೇ ಕ್ಲೈನ್ ಗುಂಪಿನಿಂದ ಭಾಗಿಸಿದರೆ ಎಸ್-3 ಸಿಗುತ್ತದೆ, ಎಸ್-3ರೊಡನೆ 6 ಬೆಸುಗೆ. ಎ-3ರ ಜೊತೆ ಒಟ್ಟು 11, ಎಸ್-3ರ ಜೊತೆ ಒಟ್ಟು 31 ಬಂದರೆ ನಿಮ್ಮ ಲೆಕ್ಕ ಸರಿ; ಆ ಸಾಲು 35×42=1470. 3+2+2ಕ್ಕೆ 105×8=840. ಉಳಿದ ಸಾಲುಗಳನ್ನು ನೀವೇ ತುಂಬಿ; 512 ಬಿಟ್ಟು ಮಿಕ್ಕೆಲ್ಲ ಕೂಡಿದಾಗ 10788 ಬರಬೇಕು.